ಅಗ್ಗದ ಗಾಜಿನ ಲೋಟದ ಮೇಲೆ ಬಣ್ಣ ನಿಂತದ್ದು ಹೀಗೆ

ಡಜನ್‌ಗೆ ಇನ್ನೂರು ರೂಪಾಯಿ ಆಸುಪಾಸಿನ ಸಾದಾ ಲೋಟಗಳಿಗೆ ಮನೆಯಲ್ಲಿ ಬಣ್ಣ ಹಚ್ಚಿದರೆ ನಾಲ್ಕು ಸಲ ತೊಳೆಯುವಷ್ಟರಲ್ಲಿ ಎದ್ದುಹೋಗುತ್ತದೆ ಎಂದು ಹೇಳದವರಿಲ್ಲ. ಹೋದ ವರ್ಷ ಮಳೆಗಾಲದಲ್ಲಿ ನಾನು ಬರೆದ ದಾಸವಾಳದ ಲೋಟಗಳು ಇಂದಿಗೂ ದಿನಕ್ಕೆರಡು ಸಲ ಸೋಪು ಕಾಣುತ್ತಿವೆ. ಒಂದು ಎಸಳೂ ಮಾಸಿಲ್ಲ.

ಲೈನರಿನಿಂದ ಅಂಚಿನ ಗೆರೆ ಎಳೆದು ಒಳಗೆ ತುಂಬುವ ಮಾಮೂಲಿ ಗಾಜಿನ ಬಣ್ಣ ಕಿಟಕಿಗೆ ಸರಿ, ಕುಡಿಯುವ ಲೋಟಕ್ಕಲ್ಲ. ನಾರು ತಾಗಿದರೆ ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯಂತೆ ಸುಲಿದು ಬರುತ್ತದೆ. ಅದರ ಮೇಲೆ ವಾರ್ನಿಷ್ ಹೊಡೆದು ನೋಡಿದೆ. ಬಿಸಿ ಚಹಾ ಹಾಕಿದ್ದೇ ತಡ, ಹೊರಮೈಯೆಲ್ಲ ಅಂಟಂಟು. ಅಷ್ಟರಲ್ಲಿ ಸಾವಿರದೈನೂರು ರೂಪಾಯಿ ಹೋಗಿತ್ತು. ಕೊನೆಗೆ ಹಿಡಿದದ್ದು ಫ್ರಾನ್ಸಿನ ಪೆಬಿಯೊ ಕಂಪನಿಯ ವಿಟ್ರಿಯಾ 160, ಹಸಿಯಿದ್ದಾಗ ನೀರಿನಲ್ಲಿ ಕರಗುವ ಬಣ್ಣ; ಅದು ಬೇಡವೆಂದು ಅಂಗಡಿಯವರು ವಾದಿಸಿದ್ದರು. ಹೆಸರಿನಲ್ಲಿರುವುದೇ ಅದನ್ನು ಓಟಿಜಿಯಲ್ಲಿ (ಕರೆಂಟಿನ ಪುಟ್ಟ ಒಲೆ) ಕಾಯಿಸಿ ಗಟ್ಟಿಮಾಡಬೇಕಾದ ಶಾಖ: 160 ಡಿಗ್ರಿ ಸೆಲ್ಸಿಯಸ್, 40 ನಿಮಿಷ. ದುಬಾರಿ ಸರಕು. ಕೆಂಪು, ಹಳದಿ, ನೀಲಿ, ಬಿಳಿ ನಾಲ್ಕೇ ಶೀಶೆ ಕೊಂಡು ಉಳಿದದ್ದನ್ನು ಬೆರೆಸಿಕೊಂಡೆ.

ಒಳ್ಳೆಯ ಬಣ್ಣ ತಂದ ಮಾತ್ರಕ್ಕೆ ಕೆಲಸ ಆಗಲಿಲ್ಲ. ಒಂದು ದಿನ ಒಣಗಿಸಿದರೆ ಸಾಕು ಎಂಬ ಲೆಕ್ಕ ಶಿರಸಿಯ ಆಷಾಢಕ್ಕೆ ಹೊಂದುವುದಿಲ್ಲ. ಬೆರಳಿಗೆ ಒಣಗಿದಂತೆ ತೋರುತ್ತದೆ, ಕೆನೆಯ ಕೆಳಗೆ ನೀರು ಉಳಿದಿರುತ್ತದೆ. ಒಲೆಯಲ್ಲಿ ಕಾವು ಏರಿದಾಗ ಆ ನೀರು ಆವಿಯಾಗಿ ಎಸಳಿನ ತುಂಬ ಗುಂಡುಸೂಜಿಯ ತಲೆಯಷ್ಟು ಗುಳ್ಳೆಗಳು ಏಳುತ್ತವೆ. ಉಗುರು ತಾಗಿದರೆ ಒಡೆದು ಕುಳಿ ಬೀಳುತ್ತದೆ. ಈಗ ದಪ್ಪ ಬಳಿಯುವುದೇ ಇಲ್ಲ. ತೆಳುವಾಗಿ ಎರಡು ಕೈ, ನಡುವೆ ಅರ್ಧ ದಿನದ ಬಿಡುವು. ಆಮೇಲೆ ಬಚ್ಚಲೊಲೆಯ ಆಚೆಬದಿಯ ಬೆಚ್ಚನೆಯ ಗೋಡೆಗೆ ತಾಗಿಸಿ, ಬುಟ್ಟಿ ಮುಚ್ಚಿ ಎರಡು ಮೂರು ದಿನ. ನನ್ನ ಗೆಲುವೆಲ್ಲ ಆ ಗೋಡೆಯದು.

ಇನ್ನೊಂದು ನಷ್ಟ ಓಟಿಜಿಯಿಂದ. ತಿರುಗುಗುಂಡಿ 160 ತೋರಿಸುತ್ತಿದ್ದಾಗ ಒಳಗೆ 185ರ ಹತ್ತಿರ ಇತ್ತು. ಬಿಳಿ ಮಲ್ಲಿಗೆಗಳೆಲ್ಲ ಹಳದಿಗೆ ತಿರುಗಿದವು, ಒಂದಿಡೀ ಡಜನ್ ದಂಡ. ನಾನೂರು ರೂಪಾಯಿ ಕೊಟ್ಟು ಒಲೆಯೊಳಗೆ ಇಡುವ ತಾಪಮಾಪಕ ತಂದೆ, ಈ ಕೆಲಸದಲ್ಲಿ ಸಾರ್ಥಕವಾದ ಖರ್ಚೆಂದರೆ ಅದೇ. ತಣ್ಣನೆಯ ಒಲೆಗೆ ಲೋಟ ಇಟ್ಟು, ಶಾಖ 160 ಮುಟ್ಟಿದ ಮೇಲೆ ನಿಮಿಷ ಎಣಿಸಬೇಕು. ಆರಿಸಿದ ನಂತರ ಒಲೆ ಪೂರ್ತಿ ತಣಿಯುವವರೆಗೆ ಬಾಗಿಲು ಮುಟ್ಟಬಾರದು. ಬಿಸಿ ಗಾಜಿಗೆ ತಣ್ಣನೆ ಗಾಳಿ ತಾಗಿದರೆ ತಳದಲ್ಲೇ ಸೀಳು ಬಿಡುತ್ತದೆ.

ಅಗ್ಗದ ಲೋಟದಲ್ಲಿ ಅಚ್ಚಿನ ಜೋಡಣೆಯ ಗೆರೆ ಮೇಲಿಂದ ಕೆಳಗೆ ಎದ್ದು ಕಾಣುತ್ತದೆ, ಕುಂಚ ಅಲ್ಲಿ ತಡೆಯುತ್ತದೆ. ನಾನು ಆ ಗೆರೆಯ ಮೇಲೆಯೇ ಬಳ್ಳಿಯ ಕಾಂಡ ಹತ್ತಿಸುತ್ತೇನೆ; ಇಲ್ಲಿ ಗೆರೆ ಇದೆ ಎಂದು ಇದುವರೆಗೆ ಯಾರೂ ಗುರುತಿಸಿಲ್ಲ. ಸ್ಪಿರಿಟ್‌ನಲ್ಲಿ ಒರೆಸಿದ ಮೇಲೆ ಲೋಟದೊಳಗೆ ಎರಡು ಬೆರಳು ತೂರಿಸಿ ಹಿಡಿಯಿರಿ, ಹೊರಗೆ ಕೈಯ ಜಿಡ್ಡು ಬೇಡ. ತುಟಿ ತಾಗುವ ಅಂಚಿನಿಂದ ಎರಡು ಸೆಂಟಿಮೀಟರ್ ಖಾಲಿ ಬಿಡಬೇಕು.

ಚುಕ್ಕಿ ಚುಕ್ಕಿಯ ವಿನ್ಯಾಸಕ್ಕೆ ಹಣೆಗೆ ಇಡುವ ಸ್ಟಿಕ್ಕರ್ ಅಂಟಿಸಿ, ಸ್ಪಂಜಿನಿಂದ ಬಣ್ಣ ಒತ್ತಿ, ಅರೆ ಒಣಗಿದಾಗ ಕಿತ್ತರೆ ಅಂಚು ಚೊಕ್ಕವಾಗಿ ಬರುತ್ತದೆ. ಮೈಸೂರು, ತಂಜಾವೂರು ಕಡೆಯ ಹಳೆಯ ಗಾಜಿನ ಚಿತ್ರಗಳಂತೆ ಹಿಂಬದಿಯಿಂದ ಬರೆಯುವುದನ್ನೂ ಗಾಜಿನ ತಿಂಡಿ ತಟ್ಟೆಯ ಅಡಿಯಲ್ಲಿ ಮಾಡಿ ನೋಡಿದೆ. ಕಣ್ಣು, ಒಡವೆ ಮೊದಲು, ಹಿನ್ನೆಲೆ ಕೊನೆಗೆ. ಬಣ್ಣ ತಿಂಡಿಗೆ ತಾಗುವುದಿಲ್ಲ ಎಂಬುದೇ ದೊಡ್ಡ ಅನುಕೂಲ. ಹೆಸರು ಬರೆಯುವುದಾದರೆ ಅಕ್ಷರ ತಿರುಗುಮುರುಗಾಗಿರಬೇಕು. 'ಶ್ರೀ' ಕೈಗೆ ಕೂರಲು ಬಹಳ ಸಮಯ ಬೇಕಾಯಿತು.

ಒಂದು ಲೋಟಕ್ಕೆ ಗಾಜು, ಬಣ್ಣ, ಕರೆಂಟು ಸೇರಿ ಮೂವತ್ತೈದು ರೂಪಾಯಿ ಬೀಳಬಹುದು. ಆರರ ಸೆಟ್ಟನ್ನು ಒಂಬೈನೂರಕ್ಕೆ ಕೊಡುತ್ತೇನೆ, ಮದುವೆ ಉಡುಗೊರೆಗೆ ಬೇಡಿಕೆ ಚೆನ್ನಾಗಿದೆ. ನೀರಿನಲ್ಲಿ ಕರಗುವ ಬಣ್ಣ ಬೇಡವೆಂದು ವಾದಿಸಿದ್ದ ಅಂಗಡಿಯವರೇ ದೀಪಾವಳಿಗೆ ಹಣತೆಯ ಗಾಜು ಬರೆದುಕೊಡಿ ಎಂದು ಕೇಳಿದ್ದಾರೆ. ಮಲ್ಲಿಗೆಯ ಬಿಳುಪು ಕಾವಿನಲ್ಲೂ ಕೆಡದಿರಲು ಅದಕ್ಕೆ ಏನು ಬೆರೆಸುತ್ತೇನೆ ಎಂಬುದನ್ನು ಮಾತ್ರ ಸದ್ಯಕ್ಕೆ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ.