ಮಡಕೆ ಗೊಬ್ಬರದ ಹೊಣೆ ಮಗುವಿಗಿರಲಿ

ಪರಿಸರದ ಬಗ್ಗೆ ಘೋಷಣೆಗಳೂ ಚಿತ್ರಕಲಾ ಸ್ಪರ್ಧೆಗಳೂ ಶಾಲೆಯಲ್ಲಿ ಬೇಕಾದಷ್ಟಿವೆ. ಮನೆಯಲ್ಲಿ ಮಗುವಿಗೆ ಕೊಡಬೇಕಾದದ್ದು ದಿನವೂ ಕೈಯಾರೆ ಮಾಡುವ ಒಂದು ಕೆಲಸವನ್ನು, ಅದರ ಪೂರ್ತಿ ಹೊಣೆಯೊಂದಿಗೆ. ಆರೇಳು ವರ್ಷ ದಾಟಿದ ಮಕ್ಕಳಿಗೆ ಅಡುಗೆಮನೆಯ ಹಸಿ ಕಸವನ್ನು ಗೊಬ್ಬರ ಮಾಡುವುದಕ್ಕಿಂತ ಒಳ್ಳೆಯ ಕೆಲಸ ನನಗೆ ಕಂಡಿಲ್ಲ, ಏಕೆಂದರೆ ಮಾಡಿದ್ದು ಸರಿಯೋ ತಪ್ಪೋ ಎಂಬುದನ್ನು ಅಲ್ಲಿ ಮೂಗೇ ಹೇಳಿಬಿಡುತ್ತದೆ.

ತಳದಲ್ಲೂ ಪಕ್ಕಗಳಲ್ಲೂ ತೂತುಗಳಿರುವ ಎರಡು ಮಣ್ಣಿನ ಮಡಕೆಗಳನ್ನು ಮುಚ್ಚಳ ಸಮೇತ ತಂದು, ಮಳೆ ಬೀಳದ ನೆರಳಿನಲ್ಲಿ ಇಟ್ಟಿಗೆಗಳ ಮೇಲೆ ಕೂರಿಸಿ. ಒಂದರ ತಳಕ್ಕೆ ನಾಲ್ಕು ಬೆರಳು ದಪ್ಪ ಒಣ ಎಲೆ ಅಥವಾ ತೆಂಗಿನ ನಾರಿನ ಪುಡಿ ಹರಡಿ, ಎರಡು ಚಮಚ ಹುಳಿ ಮಜ್ಜಿಗೆ ಚಿಮುಕಿಸಿ. ಪ್ರತಿ ಸಂಜೆ ಮಗು ತರಕಾರಿ ಸಿಪ್ಪೆ, ಕಾಫಿ ಚರಟ, ಬಾಡಿದ ಹೂವುಗಳನ್ನು ಅದರೊಳಗೆ ಹಾಕಿ, ಹಾಕಿದ್ದು ಕಾಣದಷ್ಟು ಒಣ ಎಲೆ ಮುಚ್ಚಬೇಕು. ಮಾಂಸ, ಎಣ್ಣೆ ಪದಾರ್ಥ, ಮಿಕ್ಕ ಸಾರು ಬೇಡ. ಹೀರೇಕಾಯಿ ಸಿಪ್ಪೆಯಂತೂ ಮಡಕೆಗೆ ಬರಲೇಕೂಡದು. ಅದರ ಜಾಗ ಚಟ್ನಿ.

ಹತ್ತು ದಿನದೊಳಗೆ ಬಹುಶಃ ನಾತ ಬಂದೀತು, ಬಿಳಿ ಹುಳುಗಳೂ ಕಂಡಾವು. ದೊಡ್ಡವರು ಕೆಲಸ ಕೆಡಿಸುವುದು ಇಲ್ಲಿಯೇ: ಅಸಹ್ಯಪಟ್ಟು ಮಡಕೆಯನ್ನು ಖಾಲಿ ಮಾಡಿಬಿಡುತ್ತಾರೆ, ನಾನೂ ಒಮ್ಮೆ ಹಾಗೆಯೇ ಮಾಡಿದ್ದೆ. ನೀರಿನಂಶ ಹೆಚ್ಚಾಗಿ ಗಾಳಿಯಾಡದಿದ್ದಾಗ ನಾತ ಹುಟ್ಟುತ್ತದೆಯೆಂದು ಮಗುವಿಗೆ ತಿಳಿಸಿ, ಕೋಲಿನಿಂದ ಕಲಕಿಸಿ, ಇನ್ನಷ್ಟು ಒಣ ಎಲೆ ಸೇರಿಸಲು ಹೇಳಿ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ನೀರು ತೊಟ್ಟಿಕ್ಕಬಾರದು. ಈ ಪರೀಕ್ಷೆಯನ್ನು ಮಗುವೇ ಮಾಡಲಿ, ಕೈ ಆಮೇಲೆ ಸೋಪು ಹಚ್ಚಿ ತೊಳೆದರಾಯಿತು.

ಮೊದಲ ಮಡಕೆ ತುಂಬಿದ ಮೇಲೆ ಅದನ್ನು ಮುಚ್ಚಿಟ್ಟು ಎರಡನೆಯದನ್ನು ಆರಂಭಿಸಿ. ಸುಮಾರು ಎರಡು ತಿಂಗಳಿಗೆ ಮುಚ್ಚಿಟ್ಟದ್ದು ಕಪ್ಪಾಗಿ, ಉದುರುದುರಾಗಿ, ಮೊದಲ ಮಳೆಯ ಮಣ್ಣಿನಂತೆ ಘಮಿಸುತ್ತದೆ. ಜರಡಿ ಹಿಡಿಯುವಾಗ ಮಗುವಿನ ಪಕ್ಕದಲ್ಲಿ ಕುಳಿತಿರಿ: ಸೇಬಿನ ಸಿಪ್ಪೆ ಮಣ್ಣಾಗಿರುತ್ತದೆ, ಅದಕ್ಕೆ ಅಂಟಿಸಿದ್ದ ಪುಟ್ಟ ಸ್ಟಿಕ್ಕರ್ ಮಾತ್ರ ಅಕ್ಷರವೂ ಅಳಿಯದೆ ಜರಡಿಯಲ್ಲಿ ಉಳಿದಿರುತ್ತದೆ. ಕರ್ನಾಟಕ 2016ರಲ್ಲಿಯೇ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳನ್ನು ಏಕೆ ನಿಷೇಧಿಸಿತು, 2022ರ ಜುಲೈ 1ರಿಂದ ದೇಶದಾದ್ಯಂತ ಪ್ಲಾಸ್ಟಿಕ್ ಚಮಚ, ಸ್ಟ್ರಾಗಳಿಗೆ ಏಕೆ ತಡೆ ಬಿತ್ತು ಎಂಬುದನ್ನು ವಿವರಿಸಲು ಇದೇ ಸರಿಯಾದ ಗಳಿಗೆ. ಅಂಗಡಿಗೆ ಹೊರಡುವಾಗ ಬಟ್ಟೆ ಚೀಲ ನೆನಪಿಸುವ ಕೆಲಸವನ್ನೂ ಆಗಲೇ ಒಪ್ಪಿಸಿ. ಮರೆತ ದೊಡ್ಡವರನ್ನು ಬಾಗಿಲಿನಿಂದ ವಾಪಸು ಕಳಿಸುವ ಅಧಿಕಾರ ಮಕ್ಕಳಿಗೆ ಬಹಳ ಇಷ್ಟ.

ಜರಡಿಯಲ್ಲಿ ಉಳಿದ ದಪ್ಪ ಚೂರುಗಳು ಎರಡನೆಯ ಮಡಕೆಗೆ ಹೋಗಲಿ. ಒಂದು ಪಾಲು ಗೊಬ್ಬರಕ್ಕೆ ಮೂರು ಪಾಲು ಮಣ್ಣು ಬೆರೆಸಿ, ಅಗಲ ಬಾಯಿಯ ಕುಂಡದಲ್ಲಿ ಅಡುಗೆಮನೆಯ ಡಬ್ಬಿಯದೇ ಒಂದು ಹಿಡಿ ಮೆಂತ್ಯ ಬಿತ್ತಿಸಿ, ಅಕ್ಕಿ ತೊಳೆದ ನೀರನ್ನು ಚಿಮುಕಿಸಲು ಹೇಳಿ. ಮಕ್ಕಳಿಗೆ ಕಾಯುವ ತಾಳ್ಮೆ ಕಡಿಮೆ. ಮೆಂತ್ಯ ಮೂರ್ನಾಲ್ಕು ದಿನಕ್ಕೆ ತಲೆ ಎತ್ತುತ್ತದೆ, ಗುಲಾಬಿಯನ್ನು ಆಮೇಲೆ ನೋಡಿಕೊಳ್ಳಬಹುದು.