ಸ್ವಿಚ್‌ನಲ್ಲಿ ಸ್ಟಾಟಿಕ್ ನ್ಯಾಟ್: ನಾನು ಮಾಡಿದ ರೀತಿ

ಎರಡು ನೆಟ್‌ವರ್ಕ್‌ಗಳನ್ನು ಜೋಡಿಸಬೇಕಿತ್ತು. ಎರಡೂ ಕಡೆ 10.20.30.0/24 (10.20.30 ರಿಂದ ಶುರುವಾಗುವ ಐಪಿ ವಿಳಾಸಗಳ ಗುಂಪು) ಬಳಕೆಯಲ್ಲಿತ್ತು. ಖಾಸಗಿ ವಿಳಾಸಗಳನ್ನು ಯಾರು ಬೇಕಾದರೂ ಬಳಸಬಹುದು, ಹಾಗಾಗಿ ಇಂಥ ಡಿಕ್ಕಿ ಮಾಮೂಲಿ. ಆಚೆ ಕಡೆಯವರಿಗೆ ನಮ್ಮ ಕೆಲವು ಸರ್ವರ್‌ಗಳು ಕಂಡರೆ ಸಾಕಿತ್ತು. ಅಷ್ಟಕ್ಕೆ ಎಲ್ಲ ಐಪಿ ಬದಲಿಸುವುದು ಬೇಡ ಅನ್ನಿಸಿತು. ನಡುವೆ ಇದ್ದ ಸಿಸ್ಕೋ ನೆಕ್ಸಸ್ 9000 ಸ್ವಿಚ್‌ನಲ್ಲೇ ಸ್ಟಾಟಿಕ್ ನ್ಯಾಟ್ ಹಾಕಿದೆ, ಅಂದರೆ ಪ್ರತಿ ಸರ್ವರ್ ಹೊರಗಿನವರಿಗೆ ಬೇರೊಂದು ಸ್ಥಿರ ವಿಳಾಸದಲ್ಲಿ ಕಾಣುವ ಹಾಗೆ ಮಾಡಿದೆ.

ಮೊದಲು ಒಂದು ವಿಷಯ ಖಚಿತ ಮಾಡಿಕೊಂಡೆ. ನಮ್ಮ ಸರ್ವರ್‌ಗಳನ್ನು ಕೇಳಿಕೊಂಡು ಬರುವ ಕ್ಲೈಂಟ್‌ಗಳು 172.16.8.0/24 ನಲ್ಲಿದ್ದವು. ಅವೂ 10.20.30 ರಿಂದಲೇ ಬರುತ್ತಿದ್ದರೆ, ನಮ್ಮ ಸರ್ವರ್ ಅವನ್ನು ಪಕ್ಕದಲ್ಲೇ ಇರುವ ಯಂತ್ರ ಅಂದುಕೊಂಡು ಉತ್ತರವನ್ನು ಹೊರಗೆ ಕಳಿಸುತ್ತಲೇ ಇರಲಿಲ್ಲ. ಆಗ ಎರಡೂ ಕಡೆಯ ವಿಳಾಸ ಬದಲಿಸಬೇಕಾಗುತ್ತಿತ್ತು. ನನ್ನ ಕೆಲಸ ಒಂದೇ ಕಡೆಯದ್ದರಲ್ಲಿ ಮುಗಿಯುವಂತಿತ್ತು.

ರೂಟರ್‌ನಲ್ಲಿ ನ್ಯಾಟ್ ಮಾಡಿದವರು ಸ್ವಿಚ್‌ಗೆ ಬಂದಾಗ ಗಮನಿಸಬೇಕಾದ್ದು ಟಿಕ್ಯಾಮ್, ಅಂದರೆ ಇಂಥ ನಿಯಮಗಳನ್ನು ಇಟ್ಟುಕೊಳ್ಳುವ ಸ್ವಿಚ್ ಒಳಗಿನ ವೇಗದ ಮೆಮೊರಿ ಟೇಬಲ್. ಇಲ್ಲಿ ವಿಳಾಸ ಬದಲಾವಣೆ ನಡೆಯುವುದು ಹಾರ್ಡ್‌ವೇರ್‌ನಲ್ಲಿ, ಮತ್ತು ಆ ಟೇಬಲ್‌ನ ಜಾಗ ಸೀಮಿತ. ನನ್ನ ಸ್ವಿಚ್‌ನಲ್ಲಿ ನ್ಯಾಟ್‌ಗೆ ಮೀಸಲಾದ ಜಾಗ ಸೊನ್ನೆ ಇತ್ತು. ಅದೇ ಟೇಬಲ್‌ನಲ್ಲಿ ಬಳಸದೇ ಇದ್ದ ಇನ್ನೊಂದು ಭಾಗ, ಅಂದರೆ ರೀಜನ್‌ನಿಂದ ಕಡಿಮೆ ಮಾಡಿ ಇಲ್ಲಿಗೆ ಕೊಟ್ಟೆ. ಇದು ಜಾರಿಗೆ ಬರಲು ಸ್ವಿಚ್ ರೀಲೋಡ್ ಆಗಲೇಬೇಕು. ಅದಕ್ಕೆ ಮೊದಲೇ ಸಮಯ ಕೇಳಿ ಇಟ್ಟುಕೊಳ್ಳಿ. ಹಗಲು ಹೊತ್ತಿನಲ್ಲಿ ಸುಮ್ನೆ ಮಾಡಿಬಿಡುವ ಕೆಲಸ ಇದಲ್ಲ.

ಕಾನ್ಫಿಗರೇಷನ್ ಚಿಕ್ಕದು. ನ್ಯಾಟ್ ಫೀಚರ್ ಆನ್ ಮಾಡಿದೆ. ಸರ್ವರ್ ಕಡೆಯ ಇಂಟರ್‌ಫೇಸ್‌ಗೆ 'ಐಪಿ ನ್ಯಾಟ್ ಇನ್‌ಸೈಡ್', ಆಚೆ ಕಡೆಯದಕ್ಕೆ 'ಐಪಿ ನ್ಯಾಟ್ ಔಟ್‌ಸೈಡ್' ಕೊಟ್ಟೆ. ಆಮೇಲೆ ಪ್ರತಿ ಸರ್ವರ್‌ಗೂ ಒಂದು ಸಾಲು: 'ಐಪಿ ನ್ಯಾಟ್ ಇನ್‌ಸೈಡ್ ಸೋರ್ಸ್ ಸ್ಟಾಟಿಕ್ 10.20.30.10 198.51.100.10'. ಈ 198.51.100 ಉದಾಹರಣೆಗಳಿಗೆಂದೇ ಮೀಸಲಾದ ವಿಳಾಸಗಳ ಗುಂಪು. ನೀವು ಎರಡೂ ಕಡೆ ಖಾಲಿ ಇರುವ ವಿಳಾಸಗಳನ್ನು ಆರಿಸಿಕೊಳ್ಳಿ. ಕೊನೆಯ ಅಂಕಿಯನ್ನು ಹಾಗೇ ಉಳಿಸಿಕೊಂಡೆ: 10 ಕ್ಕೆ 10, 11 ಕ್ಕೆ 11. ಮಧ್ಯರಾತ್ರಿ ಲಾಗ್ ಓದುವವರಿಗೆ ಇದು ದೊಡ್ಡ ಉಪಕಾರ.

ಜಾಸ್ತಿ ಹೊತ್ತು ಹಿಡಿದದ್ದು ಇದರ ನಂತರ. 'ಶೋ ಐಪಿ ನ್ಯಾಟ್ ಟ್ರಾನ್ಸ್‌ಲೇಷನ್ಸ್' ಕೊಟ್ಟರೆ ಎಲ್ಲ ಎಂಟ್ರಿಗಳೂ ಕಾಣುತ್ತಿದ್ದವು. ಆದರೆ ಸ್ಟಾಟಿಕ್ ಎಂಟ್ರಿ ಟ್ರಾಫಿಕ್ ಇರಲಿ ಇಲ್ಲದಿರಲಿ ಅಲ್ಲಿ ಇದ್ದೇ ಇರುತ್ತದೆ ಅಲ್ವಾ? ಅದನ್ನು ನೋಡಿ ಕೆಲಸ ಆಯಿತು ಎಂದುಕೊಳ್ಳುವಂತಿಲ್ಲ. ಹೊಸ ವಿಳಾಸಗಳು ಔಟ್‌ಸೈಡ್ ಇಂಟರ್‌ಫೇಸ್‌ನ ಸಬ್‌ನೆಟ್‌ನಲ್ಲೇ ಇದ್ದವು. ಆಚೆಯ ರೂಟರ್ 198.51.100.10 ಯಾರದ್ದು ಎಂದು, ಐಪಿಗೆ ಸೇರಿದ ಯಂತ್ರವನ್ನು ಹುಡುಕುವ ಆರ್ಪ್‌ನಲ್ಲಿ ಕೇಳುತ್ತದೆ. ಅದಕ್ಕೆ ಸ್ವಿಚ್ ಉತ್ತರ ಕೊಡಬೇಕು. ಔಟ್‌ಸೈಡ್ ಇಂಟರ್‌ಫೇಸ್‌ನಲ್ಲಿ ಪ್ರಾಕ್ಸಿ ಆರ್ಪ್ (ಬೇರೆ ವಿಳಾಸದ ಪರವಾಗಿ ಸ್ವಿಚ್ಚೇ ಉತ್ತರ ಕೊಡುವುದು) ಹಾಕಿದ್ದು ಅದಕ್ಕೇ. ಆಮೇಲೆ ಆ ರೂಟರ್‌ನ ಆರ್ಪ್ ಟೇಬಲ್‌ನಲ್ಲಿ ನಮ್ಮ ಸ್ವಿಚ್‌ನ ಮ್ಯಾಕ್, ಅಂದರೆ ಹಾರ್ಡ್‌ವೇರ್ ವಿಳಾಸ, ಬಂದದ್ದನ್ನು ನೋಡಿಕೊಂಡೆ.

ಒಂದು ಸರ್ವರ್ ಮಾತ್ರ ಆಗಲೂ ಸಿಗಲಿಲ್ಲ. ಅದರ ಡೀಫಾಲ್ಟ್ ಗೇಟ್‌ವೇ (ಹೊರಗೆ ಹೋಗುವ ಟ್ರಾಫಿಕ್ ಕಳಿಸುವ ಸಾಧನ) ಬೇರೆ ಇತ್ತು. ಕೇಳಿಕೆ ಸ್ವಿಚ್ ಮೂಲಕ ಬರುತ್ತಿತ್ತು, ಉತ್ತರ ಇನ್ನೊಂದು ದಾರಿಯಲ್ಲಿ 10.20.30.11 ಎಂಬ ಅಸಲಿ ವಿಳಾಸದಿಂದಲೇ ಹೋಗುತ್ತಿತ್ತು. ಕ್ಲೈಂಟ್ ಕೇಳಿದ್ದು 198.51.100.11 ಅನ್ನು; ಬೇರೆ ವಿಳಾಸದಿಂದ ಬಂದ ಉತ್ತರವನ್ನು ಅದು ಎಸೆಯುತ್ತದೆ. ಸರ್ವರ್‌ನಲ್ಲಿ 172.16.8.0/24 ಗೆ ಈ ಸ್ವಿಚ್ ಕಡೆ ಒಂದು ರೂಟ್ ಸೇರಿಸಿದೆ, ಸರಿಯಾಯಿತು. ಇಂಥದ್ದನ್ನು ಹಿಡಿಯಲು ಎರಡೂ ಕಡೆ ಪ್ಯಾಕೆಟ್ ಕ್ಯಾಪ್ಚರ್ (ಹಾದುಹೋಗುವ ಟ್ರಾಫಿಕ್ಕನ್ನು ದಾಖಲಿಸಿ ನೋಡುವುದು) ಇಡುವುದೇ ನನಗೆ ಗೊತ್ತಿರುವ ನೇರ ದಾರಿ.

ಒಂದಕ್ಕೊಂದು ನ್ಯಾಟ್ ಎಂದರೆ ಎಲ್ಲ ಪೋರ್ಟ್‌ಗಳೂ ತೆರೆದ ಹಾಗೆ. ಅದು ತಡೆಗೋಡೆಯಲ್ಲ. ವೆಬ್ ಮಾತ್ರ ಬೇಕಿದ್ದ ಸರ್ವರ್‌ಗೆ ಸುರಕ್ಷಿತ ವೆಬ್‌ನ ಪೋರ್ಟ್ ಆದ ಟಿಸಿಪಿ 443 ಅನ್ನಷ್ಟೇ ಬದಲಿಸುವ ಸಾಲು ಬರೆದೆ. ಉಳಿದವುಗಳಲ್ಲಿ ಸರ್ವರ್‌ನ ಫೈರ್‌ವಾಲ್ ಬಿಗಿ ಮಾಡಿಸಿದೆ.

ಹಳೆಯ ಎಫ್‌ಟಿಪಿ ಸರ್ವರ್ ಒಂದನ್ನು ನ್ಯಾಟ್‌ಗೆ ಸೇರಿಸಲೇ ಇಲ್ಲ. ಎಫ್‌ಟಿಪಿ ತನ್ನ ಐಪಿಯನ್ನು ಸಂದೇಶದ ಒಳಗೇ ಬರೆದು ಕಳಿಸಬಹುದು. ಸ್ವಿಚ್ ಹೆಡರ್, ಅಂದರೆ ಪ್ಯಾಕೆಟ್‌ನ ಮೇಲಿನ ವಿಳಾಸದ ಭಾಗ, ಬದಲಿಸುತ್ತದೆ, ಒಳಗಿನ ಬರಹ ಮುಟ್ಟುವುದಿಲ್ಲ. ಆ ಫೈಲ್‌ಗಳನ್ನು ಎಸ್‌ಎಫ್‌ಟಿಪಿಗೆ ಸಾಗಿಸಿದೆವು. ಅದಕ್ಕೆ ಪೋರ್ಟ್ 22 ಒಂದೇ ಸಾಕು.