‘ತುಂಬಾ ಹೋಗುತ್ತಿದೆ’ ಎಂದರೆ ಎಷ್ಟು?

ಮುಟ್ಟಿನ ಸ್ರಾವ ಹೆಚ್ಚಾಗಿ ಸ್ತ್ರೀರೋಗ ತಜ್ಞರ ಮುಂದೆ ಕುಳಿತ ಹೆಂಗಸರಲ್ಲಿ ಬಹುಪಾಲು ಮಂದಿ ಹೇಳುವುದು ಒಂದೇ ಮಾತು: ‘ತುಂಬಾ ಹೋಗುತ್ತಿದೆ, ಡಾಕ್ಟರ್.’ ಎಷ್ಟು ದಿನ, ಎಷ್ಟು ಪ್ಯಾಡ್, ಹಿಂದಿನ ಸಲ ಯಾವಾಗ ಎಂದು ಕೇಳಿದರೆ ಜೊತೆಗೆ ಬಂದವರ ಮುಖ ನೋಡುತ್ತಾರೆ. ಸಿಕ್ಕ ಸಮಯವೆಲ್ಲ ಅಲ್ಲಿಯೇ ಕಳೆದುಹೋಗುತ್ತದೆ.

ಮೊದಲ ಹೆಜ್ಜೆ, ಲೆಕ್ಕ ಬರೆಯುವುದು. ಎಲ್ಲರೂ ಕೆಡಿಸುವುದು ಇದನ್ನೇ. ಮೊಬೈಲ್ ಆ್ಯಪ್ ಬೇಡ. ಮುಂದಿನ ಮುಟ್ಟು ಯಾವಾಗ ಎಂದು ಭವಿಷ್ಯ ಹೇಳುವುದರಲ್ಲಿ ಅದಕ್ಕಿರುವ ಉತ್ಸಾಹ, ಆಗಿದ್ದನ್ನು ಬರೆದಿಡುವುದರಲ್ಲಿ ಇಲ್ಲ. ಗೋಡೆಯ ಮೇಲಿನ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಸಾಕು. ಸ್ರಾವ ಆರಂಭವಾದ ದಿನವೇ ಒಂದನೇ ದಿನ. ಅಲ್ಲಿಂದ ಮುಂದಿನ ಮುಟ್ಟಿನ ಮೊದಲ ದಿನದವರೆಗೆ ಎಣಿಸಬೇಕು. ನಿಂತ ದಿನದಿಂದ ಎಣಿಸಿ ‘ಇಪ್ಪತ್ತು ದಿನಕ್ಕೇ ಆಗಿಬಿಟ್ಟಿತು’ ಎಂದು ಗಾಬರಿ ಬೀಳುವವರು ಎಷ್ಟೋ ಮಂದಿ. 24ರಿಂದ 38 ದಿನಗಳ ಅಂತರ, 8 ದಿನ ಮೀರದ ಸ್ರಾವ ಸಹಜ.

ಪ್ಯಾಡಿನ ಸಂಖ್ಯೆಯೊಂದೇ ಬರೆದರೆ ಉಪಯೋಗವಿಲ್ಲ. ಒಬ್ಬರು ಅರ್ಧ ನೆನೆಯುವ ಮೊದಲೇ ಬದಲಾಯಿಸುತ್ತಾರೆ. ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಿದ ಇನ್ನೊಬ್ಬರಿಗೆ ವೈಟ್‌ಫೀಲ್ಡ್ ತಲುಪುವವರೆಗೆ ದಾರಿಯೇ ಇಲ್ಲ. ಆದ್ದರಿಂದ ಪೂರ್ತಿ ನೆನೆದಿತ್ತೇ, ಅರ್ಧವೇ, ಬರಿಯ ಕಲೆಯೇ ಎಂದು ಗುರುತು ಹಾಕಿ. ಹತ್ತು ರೂಪಾಯಿ ನಾಣ್ಯಕ್ಕಿಂತ ದೊಡ್ಡ ಹೆಪ್ಪು ಬಿದ್ದರೆ, ರಾತ್ರಿ ಎದ್ದು ಪ್ಯಾಡ್ ಬದಲಾಯಿಸಬೇಕಾಗಿ ಬಂದರೆ, ಎರಡೆರಡು ಪ್ಯಾಡ್ ಒಟ್ಟಿಗೆ ಇಟ್ಟುಕೊಂಡರೆ ಅದನ್ನೂ ಬರೆಯಿರಿ. ಎರಡು ಮುಟ್ಟುಗಳ ನಡುವೆ ಅಥವಾ ಸಂಭೋಗದ ನಂತರ ಕಾಣುವ ರಕ್ತಕ್ಕೆ ಬೇರೆ ಬಣ್ಣದ ಪೆನ್ನು. ಕಾಪರ್-ಟಿ, ರಕ್ತ ತೆಳುವಾಗಿಸುವ ಮಾತ್ರೆ, ಹಾರ್ಮೋನ್ ಮಾತ್ರೆ ಇದ್ದರೆ ಅಂಚಿನಲ್ಲಿ ನಮೂದಿಸಿ. ವರಮಹಾಲಕ್ಷ್ಮಿ ಹಬ್ಬಕ್ಕೆಂದೋ ತಿರುಪತಿಗೆಂದೋ ಮುಟ್ಟು ಮುಂದೂಡುವ ಮಾತ್ರೆ ನುಂಗಿ, ಬಿಟ್ಟ ಎರಡು ಮೂರು ದಿನಕ್ಕೆ ಆದ ಸ್ರಾವವನ್ನು ಮಾಮೂಲಿ ಮುಟ್ಟೆಂದು ಬರೆದರೆ ಇಡೀ ಲೆಕ್ಕ ತಪ್ಪುತ್ತದೆ.

ಎಲ್ಲರೂ ತಿಂಗಳುಗಟ್ಟಲೆ ಬರೆಯುತ್ತಾ ಕೂರಬೇಕಿಲ್ಲ. ಗಂಟೆಗೊಂದು ಪ್ಯಾಡ್ ಪೂರ್ತಿ ನೆನೆದು ಎರಡು ಗಂಟೆ ದಾಟಿದರೆ, ತಲೆ ಸುತ್ತಿದರೆ, ಗರ್ಭಿಣಿಯಾಗಿರುವ ಸಾಧ್ಯತೆಯಿದ್ದರೆ ನೇರವಾಗಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ಕಂಡರೂ ತಡಮಾಡದೆ ತೋರಿಸಬೇಕು. ‘ಈ ವಯಸ್ಸಿಗೆ ಹೀಗೆಲ್ಲ ಆಗುತ್ತದೆ’ ಎನ್ನುವ ಪಕ್ಕದ ಮನೆಯವರ ಸಮಾಧಾನ ಕೇಳಲೇಬೇಡಿ.

ಎರಡನೆಯದು ಪರೀಕ್ಷೆಗಳು: ಗರ್ಭ ಪರೀಕ್ಷೆ, ಹಿಮೋಗ್ಲೋಬಿನ್, ಥೈರಾಯ್ಡ್, ಸ್ಕ್ಯಾನಿಂಗ್. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ. ಮೊದಲ ಮುಟ್ಟಿನಿಂದಲೇ ವಿಪರೀತ ಸ್ರಾವವಿರುವ ಹುಡುಗಿಗೆ ರಕ್ತ ಹೆಪ್ಪುಗಟ್ಟುವಿಕೆಯ ಪರೀಕ್ಷೆಯೂ ಬೇಕೇ ಎಂದು ಕೇಳಿ.

ಮೂರನೆಯದು ಬಯಾಪ್ಸಿ. ಹೆಸರು ಕೇಳಿದೊಡನೆ ಅರ್ಧ ಮಂದಿ ಮನೆಗೆ ಓಡುತ್ತಾರೆ. 45 ದಾಟಿದವರಿಗೆ, ಅದಕ್ಕಿಂತ ಚಿಕ್ಕವರಾದರೂ ಬೊಜ್ಜು ಅಥವಾ ಪಿಸಿಒಎಸ್ (ಅಂಡಾಶಯದ ಹಾರ್ಮೋನ್ ಏರುಪೇರು) ಇರುವವರಿಗೆ ಗರ್ಭಕೋಶದ ಒಳಪದರದ ಚೂರು ತೆಗೆದು ನೋಡಲು ವೈದ್ಯರು ಹೇಳುತ್ತಾರೆ. ಕ್ಯಾನ್ಸರ್ ಇದೆ ಎಂದಲ್ಲ, ಇಲ್ಲವೆಂದು ಖಚಿತಪಡಿಸಿಕೊಳ್ಳಲು. ಸ್ಕ್ಯಾನಿಂಗ್ ಒಂದರಿಂದಲೇ ಅದು ತಿಳಿಯುವುದಿಲ್ಲ. ಸಾಮಾನ್ಯವಾಗಿ ತೆಳುವಾದ ಕೊಳವೆಯಿಂದ ಹೊರರೋಗಿ ವಿಭಾಗದಲ್ಲೇ ಮುಗಿಯುವ ಕೆಲಸ. ಬಹುತೇಕರಿಗೆ ಕೆಲವು ನಿಮಿಷ ಕಿಬ್ಬೊಟ್ಟೆ ಹಿಂಡಿದಂತಾಗುತ್ತದೆ, ಅಷ್ಟೆ.

ಚಿಕಿತ್ಸೆ ಕಾರಣಕ್ಕೆ ತಕ್ಕಂತೆ. ಪಾಲಿಪ್ (ಗರ್ಭಕೋಶದ ಒಳಪದರದಲ್ಲಿ ಬೆಳೆದ ಸಣ್ಣ ಗಂಟು) ಇದ್ದರೆ ದುರ್ಬೀನಿನ ಮೂಲಕ ತೆಗೆಯುತ್ತಾರೆ, ಥೈರಾಯ್ಡ್ ಕೆಟ್ಟಿದ್ದರೆ ಅದನ್ನು ಸರಿಪಡಿಸುತ್ತಾರೆ. ಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಮ್ಲದ ಮಾತ್ರೆ ಹೆಚ್ಚು ಸ್ರಾವದ ದಿನಗಳಿಗೆ ಮಾತ್ರ. ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದವರಿಗೆ ಸಲ್ಲದು. ನಾದಿನಿಯ ಚೀಟಿ ತೋರಿಸಿ ಮೆಡಿಕಲ್ ಸ್ಟೋರಿನಲ್ಲಿ ಕೊಳ್ಳಬೇಡಿ. ‘ಗರ್ಭಕೋಶ ಶುದ್ಧಿ’ ಎಂದು ಮಾರುವ ಟಾನಿಕ್‌ಗಳು ಮಾಡುವ ಕೆಲಸವೆಂದರೆ ಪರೀಕ್ಷೆಯನ್ನು ಆರು ತಿಂಗಳು ಮುಂದೂಡುವುದು.

ನನ್ನ ಒಲವು ಗರ್ಭಕೋಶದೊಳಗೆ ಇಡುವ, ಹಾರ್ಮೋನ್ ಇರುವ ವಂಕಿಯ ಕಡೆಗೆ. ಕಾಪರ್-ಟಿ ಸ್ರಾವವನ್ನು ಹೆಚ್ಚಿಸಬಹುದು, ಇದು ತಗ್ಗಿಸುತ್ತದೆ. ಆದರೆ ಮೊದಲ ಮೂರರಿಂದ ಆರು ತಿಂಗಳು ಚೂರುಚೂರು ಕಲೆ ಕಾಣುವುದುಂಟು. ಇದನ್ನು ಮೊದಲೇ ಯಾರೂ ಹೇಳದ ಕಾರಣ ಎರಡನೇ ತಿಂಗಳಿಗೇ ತೆಗೆಸಿ ದುಡ್ಡು ಹಾಳು ಮಾಡಿಕೊಳ್ಳುತ್ತಾರೆ.

ಇನ್ನು ‘ಮಕ್ಕಳಾಗಿವೆಯಲ್ಲ, ಗರ್ಭಕೋಶ ತೆಗೆಸಿಬಿಡಿ’ ಎನ್ನುವ ಸಲಹೆ. ಕ್ಯಾನ್ಸರ್ ಇದ್ದಾಗ, ದೊಡ್ಡ ಗಡ್ಡೆಗಳು ಔಷಧಕ್ಕೆ ಬಗ್ಗದಿದ್ದಾಗ ಅದು ಸರಿಯೇ. ಮೊದಲ ಭೇಟಿಯಲ್ಲೇ, ಬಯಾಪ್ಸಿ ಇಲ್ಲದೆ, ಮಾತ್ರೆ ಪ್ರಯತ್ನಿಸದೆ ಹೇಳಿದರೆ ಫೈಲ್ ಎತ್ತಿಕೊಂಡು ಬೆಂಗಳೂರಿನ ವಾಣಿವಿಲಾಸದಂಥ ದೊಡ್ಡ ಆಸ್ಪತ್ರೆಯಲ್ಲಿ ಎರಡನೇ ಅಭಿಪ್ರಾಯ ಕೇಳಿ. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆಗಳ ವಿಚಾರ ಸುಪ್ರೀಂ ಕೋರ್ಟ್‌ವರೆಗೂ ಹೋಗಿ, 2023ರಲ್ಲಿ ತೀರ್ಪು ಬಂದಿತ್ತು.

ರಕ್ತ ನಿಂತಿತೆಂದು ಕಬ್ಬಿಣಾಂಶದ ಮಾತ್ರೆ ನಿಲ್ಲಿಸಬೇಡಿ. ಹಿಮೋಗ್ಲೋಬಿನ್ ಸರಿಹೋದ ಮೇಲೂ ಸುಮಾರು ಮೂರು ತಿಂಗಳು ಬೇಕು. ಬೆಳಗಿನ ಫಿಲ್ಟರ್ ಕಾಫಿಯ ಜೊತೆಗಂತೂ ನುಂಗಬೇಡಿ, ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ. ನಿಂಬೆ ಪಾನಕದೊಂದಿಗೆ ತೆಗೆದುಕೊಂಡು, ಕಾಫಿಗೆ ಒಂದೆರಡು ಗಂಟೆ ಕಾಯಿರಿ.